ಕೇಕಿನ ತಳದಲ್ಲಿ ಕಿರುಬೆರಳು

ಬೊಂಬೆಮನೆಯ ಊಟದಿಂದ ಹೊಟ್ಟೆ ಬೆಳೆಸಿಕೊಂಡವನು ಲೋಕದಲ್ಲಿ ಒಬ್ಬನೇ, ಉಗುರಕ್ಕನ ಅಣ್ಣ. ಅವಳು ಅವನ ಆಟಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾಲಿಮರ್ ಕ್ಲೇ ಎಂಬ, ಬೇಯಿಸಿದರೆ ಗಟ್ಟಿಯಾಗುವ ಮೆತ್ತನೆ ಪ್ಲಾಸ್ಟಿಕ್ ಮಣ್ಣು ನಾದಿ, ಬೊಂಬೆಮನೆಗಳಿಗೆಂದು ಉಗುರಿನ ಮೇಲೆ ಕೂರುವಂಥ ಬ್ರೆಡ್ಡು, ಮೊಟ್ಟೆ, ಮೀನು ಮಾಡುತ್ತಿದ್ದಳು. ಅದಕ್ಕೇ ಆ ಅಡ್ಡಹೆಸರು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಚುಚ್ಚಿ ಚುಚ್ಚಿ ಬ್ರೆಡ್ಡಿನ ಮೈ ಒರಟು ಮಾಡಿ, ಕಂದು ಸೀಮೆಸುಣ್ಣದ ಪುಡಿ ಸವರಿದರೆ ಈಗಷ್ಟೇ ಒಲೆಯಿಂದ ಇಳಿದಂತೆ ಕಾಣುತ್ತಿತ್ತು. ಅಣ್ಣ ಮುಂದಿನ ಕೋಣೆಯಲ್ಲಿ ಮೀಸೆ ತಿರುವುತ್ತ, "ಎಲ್ಲಾ ನಮ್ದೇ ಕೈಚಳಕ" ಎನ್ನುತ್ತಿದ್ದ. ಕ್ಲೇ ತಣ್ಣಗಿರುತ್ತೋ ಬೆಚ್ಚಗಿರುತ್ತೋ ಎಂದು ಮುಟ್ಟಿಯೂ ನೋಡದ ಕೈ ಅದು!

ಈ ಸಲ ಬೊಂಬೆಮನೆಗಳ ಪ್ರದರ್ಶನವಿತ್ತು. ಪ್ರತಿ ತಟ್ಟೆಯ ಪಕ್ಕದಲ್ಲೂ ಮಾಡಿದವರ ಹೆಸರಿನ ಚೀಟಿ ಇಡುತ್ತಾರಂತೆ.

"ಚೀಟೀಲಿ ನನ್ ಹೆಸ್ರು ಬರ್ಲಿ ಅಣ್ಣ."

"ನಿನ್ ಹೆಸ್ರು ಕಟ್ಕೊಂಡು ಯಾರಿಗೇನಾಗ್ಬೇಕು? ಅಂಗಡಿ ಯಾರ್ದು? ಸುಮ್ನೆ ಕೆಲ್ಸ ನೋಡು ಹೋಗು."

ಉಗುರಕ್ಕನಿಗೆ ಮೈಯೆಲ್ಲ ಉರಿಯಿತು. ಬಾಯಿ ಮಾತ್ರ ನಕ್ಕಿತು. ಈ ಕಸುಬಿನಲ್ಲಿ ಬೆರಳ ಗುರುತು ಬಿಟ್ಟರೆ ಮಾನ ಹೋದಂತೆ. ಓವನ್ನಿಗೆ ಇಡುವ ಮೊದಲೇ ಸವರಿ ಅಳಿಸಬೇಕು, ಬೆಂದ ಮೇಲೆ ಕಲ್ಲಲ್ಲಿ ಕೊರೆದ ಹಾಗೆ. ಆವತ್ತು ಅವಳು ಅಂಗಿ ಗುಂಡಿಯಗಲದ ಕೇಕೊಂದನ್ನು ಬೋರಲು ಹಾಕಿ, ತಳಕ್ಕೆ ಕಿರುಬೆರಳ ತುದಿ ಒತ್ತಿದಳು. ಗುಳಿ ಬಿತ್ತು, ಗುಳಿಯೊಳಗೆ ಗೆರೆ ಮೂಡಿತು. ಹಾಗೇ ಬೇಯಿಸಿದಳು.

ಮರುದಿನ ಪ್ರದರ್ಶನ ನಡೆಸುವ ಹೆಂಗಸು ಬಂದು, ಭೂತಗನ್ನಡಿ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿದಳು. ಕೇಕಿನ ತಳ ಕಂಡಾಗ ಹುಬ್ಬು ಮೇಲೇರಿತು.

"ಏನಿದು, ಬೆರಳ ಗುರುತು?"

ಅಣ್ಣನ ಮುಖ ಪೆಚ್ಚಾಯಿತು. ನಡುಬಾಗಿಲಲ್ಲಿ ನಿಂತಿದ್ದ ಉಗುರಕ್ಕ ಮೆಲ್ಲಗೆ, "ಅದು ಮಾಡಿದೋರ ರುಜು ಮೇಡಂ. ಬೇಕಂತ್ಲೇ ಒತ್ತಿದ್ದು" ಎಂದಳು.

"ಹೌದ್ಹೌದು!" ಅಣ್ಣ ಎದೆ ಸೆಟೆಸಿದ. "ನನ್ ಹೆಬ್ಬೆಟ್ಟು! ನಿನ್ನೆ ತಾನೇ ಒತ್ತಿದ್ದು."

"ಎಲ್ಲಿ, ಇಟ್ಟು ತೋರ್ಸಿ."

ಇಟ್ಟ. ಹೆಬ್ಬೆಟ್ಟಿನಡಿ ಗುಳಿಯಷ್ಟೇ ಅಲ್ಲ, ಇಡೀ ಕೇಕೇ ಮಾಯ.

"ಇದು... ನಾನು ಚಿಕ್ಕೋನಿದ್ದಾಗ ಮಾಡಿದ್ದು."

"ಈಗ ತಾನೇ ನಿನ್ನೆ ಅಂದ್ರಿ?"

"ಓವನ್ನಲ್ಲಿ ಕುಗ್ಗಿರ್ಬೇಕು ಮೇಡಂ!"

"ಕೇಕ್ ಕುಗ್ತೋ, ನೀವು ಉಬ್ಬಿದ್ರೋ?"

ಹೆಂಗಸು ಉಗುರಕ್ಕನನ್ನು ಕೈಸನ್ನೆ ಮಾಡಿ ಕರೆದಳು. ಅವಳ ಕಿರುಬೆರಳು ಗುಳಿಯಲ್ಲಿ ತೊಟ್ಟಿಲ ಕೂಸಿನಂತೆ ಒರಗಿತು. ಹೆಂಗಸು ಚೀಟಿ, ಪೆನ್ನು ಎರಡನ್ನೂ ಅವಳ ಮುಂದೆ ಸರಿಸಿದಳು. ಉಗುರಕ್ಕ ತನ್ನ ಹೆಸರನ್ನು ಚೀಟಿಯ ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪಕ್ಷರದಲ್ಲಿ ಬರೆದಳು.

ಅಣ್ಣ ಕತ್ತು ಕೆರೆದುಕೊಂಡ. ಹುಟ್ಟಿದಾರಭ್ಯ ಕೇಳದ ಜೇನಿನಂಥ ದನಿ ಹೊರಟಿತು: "ತಂಗೀ, ಕೆಳಗಡೆ ಅಂಗಡಿ ಹೆಸ್ರೂ ಹಾಕಮ್ಮ. ಚಿಕ್ಕದಾಗಿ ಹಾಕಿದ್ರೂ ಸಾಕು."

"ಎಷ್ಟು ಚಿಕ್ಕದು ಅಣ್ಣ?" ಎಂದು ಉಗುರಕ್ಕ ಪೆನ್ನು ಕೆಳಗಿಟ್ಟು, ಕ್ಲೇ ಕೊರೆಯುವ ಸೂಜಿಗಳ ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿಯನ್ನು ಆರಿಸಿದಳು.