ಒಬ್ಬರು ಒಳಗೆ

ಹೋಟೆಲುಗಳ ಚಾದರ ಒಗೆದು ಇಸ್ತ್ರಿ ಮಾಡುವ ಆ ಶೆಡ್ಡಿಗೆ ನಾವು ಬಂದು ಹತ್ತು ವರ್ಷ. ನನ್ನ ಹೆರಿಗೆ ಕಷ್ಟವಾದಾಗ ಶೆಡ್ಡಿನ ಯಜಮಾನರು ಆಸ್ಪತ್ರೆಗೆ ಕಟ್ಟಿದ ಹಣಕ್ಕಾಗಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದೆವು. ಅಲ್ಲಿ ಯಾರೂ ಅದನ್ನು ಸಾಲ ಎನ್ನುತ್ತಿರಲಿಲ್ಲ, ಮುಂಗಡ ಎನ್ನುತ್ತಿದ್ದರು. ವಾರಕ್ಕೊಮ್ಮೆ ಕೈಗೆ ಬರುತ್ತಿದ್ದುದು ಕೂಲಿಯಲ್ಲ, ‘ಖರ್ಚಿಗೆ’. ಮುಂಗಡ ಮಾತ್ರ ಕರಗುತ್ತಲೇ ಇರಲಿಲ್ಲ.

ಗೇಟಿಗೆ ಬೀಗವಿರಲಿಲ್ಲ. ಇದ್ದದ್ದು ಒಂದೇ ಪದ್ಧತಿ: ಒಂದು ಮನೆಯವರು ಹೊರಗೆ ಹೋದರೆ ಅವರಲ್ಲಿ ಒಬ್ಬರು ಒಳಗೆ ಉಳಿಯಬೇಕು. ನಾವಿಬ್ಬರೂ ಹೋಗಬೇಕಾದಾಗ ಮಗಳು ಗುಬ್ಬಿ ಗೇಟಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು.

“ಗುಬ್ಬೀನೂ ಬರೋ ತಿಂಗಳಿಂದ ಚಾದರ ಮಡಿಚೋ ಟೇಬಲ್ಲಿಗೆ ಬರ್ಲಿ. ಸ್ಕೂಲು ಸಾಕು. ಮುಂಗಡ ಬೇಗ ತೀರತ್ತೆ,” ಎಂದರು ಯಜಮಾನರು. ಗಂಡ ಹೂಂ ಎಂದು ತಲೆಯಾಡಿಸಿದ. ನಾನು ಅವಳ ಟೀಚರಿಗೆ ಹೇಳಿದೆ. ಮೂರನೆಯ ದಿನ ಕಾರ್ಮಿಕ ಇಲಾಖೆಯ ಆಫೀಸರಮ್ಮ ಬಂದರು.

“ಇಲ್ಲಿ ಜೀತ ಮಾಡಿಸ್ತಿದಾರಾ?”

ಗಂಡ ಬೆಚ್ಚಿದ. “ಛೇ, ಜೀತ ಎಲ್ಲಿ ಮೇಡಂ. ಅದೆಲ್ಲ ನಮ್ ತಾತನ ಕಾಲದ್ದು. ಯಾರೂ ಹೊಡೆಯಲ್ಲ, ಬಯ್ಯಲ್ಲ. ಮುಂಗಡ ತಗೊಂಡಿದೀವಿ, ದುಡಿದು ತೀರಿಸ್ತಿದೀವಿ.”

ಯಜಮಾನರು ನಕ್ಕರು. “ನನ್ನ ಹೆಂಡ್ತಿ ದಿನಕ್ಕೆ ಹತ್ತು ಸಲ ಕೇಳ್ತಾಳೆ ಮೇಡಂ, ನಾನೇನು ನಿಮ್ಮ ಜೀತದಾಳಾ ಅಂತ. ಅವಳ ಹೆಸರೂ ಬರ್ಕೊಳ್ಳಿ.”

ಆಫೀಸರಮ್ಮ ನಗಲಿಲ್ಲ. “ಹೊರಗೆ ಹೋಗ್ಬೋದಾ ನೀವು?”

“ಯಾವಾಗ ಬೇಕಾದ್ರೂ,” ಎಂದ ಗಂಡ.

“ಮೂರು ಜನಾನೂ ಒಟ್ಟಿಗೆ?”

ಅವನು ನನ್ನ ಕಡೆ ನೋಡಿದ. ನನ್ನನ್ನು ಉಳಿಸಿದವರ ಎದುರಿಗೆ ಅವನ ನಾಲಿಗೆ ಹೊರಳುತ್ತಿರಲಿಲ್ಲ. ನನಗೂ ಅದೇ ಸಂಕೋಚ. ಆದರೆ ಬೆಳಗಿನಿಂದ ನಿಂತು ಕಾಲುಗಳು ಸೋತುಹೋಗಿದ್ದವು. ಪಕ್ಕದಲ್ಲೇ ಮಡಿಚುವ ಟೇಬಲ್ಲು ಕಾಣುತ್ತಿತ್ತು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ.

“ಇಲ್ಲ ಮೇಡಂ. ಹತ್ತು ವರ್ಷದಲ್ಲಿ ಒಂದು ಸಲಾನೂ ಇಲ್ಲ. ಒಬ್ರು ಒಳಗಿರ್ಬೇಕು.”

“ಕೊಟ್ಟ ದುಡ್ಡಿಗೆ ದುಡಿಸ್ಕೊಂಡು, ಬಿಟ್ಟು ಹೋಗದ ಹಾಗೆ ಒಬ್ರನ್ನ ಹಿಡಿದಿಟ್ಕೊಂಡ್ರೆ ಅದೇ ಜೀತ. ಹೊಡೀಲೇಬೇಕು ಅಂತೇನಿಲ್ಲ,” ಎಂದು ಅವರು ಕಾಗದದ ಮೇಲೆ ಆ ಪದ ಬರೆದರು. “ಆ ಮುಂಗಡ ಇನ್ಮೇಲೆ ನೀವು ತೀರಿಸ್ಬೇಕಾಗಿಲ್ಲ. ಸಾಮಾನು ಕಟ್ಕೊಳ್ಳಿ. ಇರೋದಕ್ಕೆ ಜಾಗ ನಾವು ತೋರಿಸ್ತೀವಿ.”

“ಅವತ್ತು ನಿನ್ನ ಜೀವ ಉಳಿಸಿದ್ದಕ್ಕೆ ಇದಾ ತಂಗಿ?” ಎಂದರು ಯಜಮಾನರು.

ನಾನು ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡೆ. ಅರ್ಧ ತಿಕ್ಕಿದ್ದ ಚಾದರವನ್ನು ಪೂರ್ತಿ ಮಾಡಿ, ಮಡಿಚಿಟ್ಟು ಹೊರಟೆ. ಯಾಕೆ ಮಾಡಿದೆನೋ.

ಸಾಮಾನು ಎರಡೇ ಚೀಲ. ಗುಬ್ಬಿ ಶಾಲೆಯ ಬ್ಯಾಗು ನೇತುಹಾಕಿಕೊಂಡು ನಮ್ಮ ಹಿಂದೆಯೇ ಬಂದಳು. ಗೇಟು ದಾಟಿ ತಿರುಗಿ ನೋಡಿದರೆ ಸ್ಟೂಲಿನ ಮೇಲೆ ಕೂತಿದ್ದಾಳೆ.

“ಬೇಗ ಬಂದ್ಬಿಡಿ,” ಎಂದಳು.

ಗಂಡ ಎರಡೂ ಚೀಲಗಳನ್ನು ನನ್ನ ಕೈಗೆ ಕೊಟ್ಟು, ವಾಪಸ್ಸು ಹೋಗಿ ಅವಳನ್ನು ಎತ್ತಿಕೊಂಡ. ಹತ್ತು ವರ್ಷದ ಹುಡುಗಿ, ಅವನ ಸೊಂಟ ಬಾಗಿತು.

“ಇಳ್ಸಪ್ಪ,” ಎಂದಳು ಗುಬ್ಬಿ, ಖಾಲಿ ಸ್ಟೂಲು ನೋಡುತ್ತ. “ಮತ್ತೆ ಯಾರು ಉಳ್ಕೊಳ್ಳೋದು?”