ಮುಚ್ಚಳದ ಅರ್ಧ ಸುತ್ತು

ಎದುರುಮನೆಯ ಗೆಳತಿ ಮಾರ್ಲಿಸಳ ಗಾಜಿನ ಮೀನುತೊಟ್ಟಿಯಲ್ಲಿ ನೀರುಗಿಡದ ಎಲೆಗಳು ಕೆಂಪಾದ ದಿನದಿಂದ ಐಲಿಗೆ ಕಾಫಿ ರುಚಿಸುತ್ತಿರಲಿಲ್ಲ. ಐಲಿಯೇ ತನ್ನ ತೊಟ್ಟಿಯಿಂದ ಕತ್ತರಿಸಿ ಕೊಟ್ಟ ಕಡ್ಡಿ ಅದು. ಅದೇ ಗಿಡ ಐಲಿಯ ಮನೆಯಲ್ಲಿ ಬಾಡಿದ ಸೊಪ್ಪಿನ ಬಣ್ಣ, ರಸ್ತೆಯಾಚೆ ಮಾರ್ಲಿಸಳ ಮನೆಯಲ್ಲಿ ಬೀಟ್‌ರೂಟಿನ ಬಣ್ಣ. ಹೊಟ್ಟೆ ಉರಿಯದೆ ಇನ್ನೇನಾದೀತು?

ಗಿಡ ಬೆಳೆಸುವ ವಿದ್ಯೆ ಕಲಿಸಿದ್ದೂ ಐಲಿಯೇ. ಅಮೆರಿಕದ ಡುಲುತ್‌ನ ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬ್ರೆಡ್ಡಿನ ಹಿಟ್ಟು ನಾದಿದವಳು. ಯೀಸ್ಟ್ ಯಾವಾಗ ಉಬ್ಬುತ್ತದೆ, ಯಾವಾಗ ಮುನಿಸಿಕೊಳ್ಳುತ್ತದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಎರಡು ಲೀಟರಿನ ಸೋಡಾ ಬಾಟಲಿಗೆ ಎರಡು ಲೋಟ ಸಕ್ಕರೆ, ಚಿಟಿಕೆ ಯೀಸ್ಟ್, ಉಗುರುಬೆಚ್ಚಗಿನ ನೀರು. ಮುಚ್ಚಳಕ್ಕೆ ತೂತು ಕೊರೆದು ಸಣ್ಣ ಕೊಳವೆ ತೂರಿಸಿ, ಇನ್ನೊಂದು ತುದಿಯನ್ನು ತೊಟ್ಟಿಯ ನೀರಿಗೆ ಇಳಿಬಿಟ್ಟರೆ ಆಯಿತು. ಯೀಸ್ಟ್ ಸಕ್ಕರೆ ತಿಂದು ಬಿಡುವ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಹೋಗಿ ಗಿಡಗಳ ಊಟವಾಗುತ್ತದೆ. ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ಅಕ್ವೇರಿಯಂ ಕ್ಲಬ್ಬಿನ ಅರ್ಧ ಜನ ಈ ಬಾಟಲಿಯನ್ನು ಅವಳ ಹತ್ತಿರವೇ ಕಲಿತವರು. ಪಾಠದ ಕೊನೆಗೆ ಅವಳು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: "ಮುಚ್ಚಳಕ್ಕೆ ಸೋಪಿನ ನೀರು ಹಚ್ಚಿ ನೋಡ್ರಪ್ಪಾ. ನೊರೆ ಬಂತೋ, ಸೋರ್ತಾ ಇದೆ ಅಂತ ಅರ್ಥ. ಗ್ಯಾಸು ಕಣ್ಣಿಗೆ ಕಾಣಲ್ಲ."

ಅತ್ಯುತ್ತಮ ತೊಟ್ಟಿಗೆ ಕ್ಲಬ್ಬು ವರ್ಷಕ್ಕೊಮ್ಮೆ ಕೊಡುವ ಬೆಳ್ಳಿ ಬಟ್ಟಲು ಒಂಬತ್ತು ವರ್ಷದಿಂದ ಐಲಿಯ ಕಪಾಟಿನಲ್ಲೇ ಕೂತಿತ್ತು. ಈ ಸಲದ ತೀರ್ಪುಗಾರರು ಶನಿವಾರ ಮನೆಮನೆಗೆ ಬರುವವರಿದ್ದರು. ಬಟ್ಟಲು ರಸ್ತೆ ದಾಟುತ್ತದೆ ಎಂದು ಎಲ್ಲರಿಗೂ ಗೊತ್ತಾಗಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಸೋಮವಾರ ಮಾರ್ಲಿಸ್ ಬೂಟಿನ ಹಿಮ ಕೊಡವುತ್ತ ಬಾಗಿಲಿಗೆ ಬಂದಳು.

"ಗುರುವಾರದವರೆಗೂ ಮಗಳ ಮನೇಲಿರ್ತೀನಿ ಕಣೆ. ಮೀನಿಗೆ ಒಂದು ಚಿಟಿಕೆ ಊಟ ಹಾಕ್ತೀಯಾ?"

"ಹಾಕೋಣ. ಗಿಡಕ್ಕೆ ಜೋಗುಳ ಬೇರೆ ಹಾಡ್ಲಾ?"

"ಹಾಡು ಮಾರಾಯ್ತಿ, ನಿನ್ನ ಮೊಮ್ಮಕ್ಕಳೇ ಅಲ್ವಾ ಅವು!"

"ಅಲ್ಲ, ನಿಜ ಹೇಳು. ಏನು ಹಾಕ್ತೀಯಾ ಅದಕ್ಕೆ?"

"ನೀನು ಹೇಳಿಕೊಟ್ಟಿದ್ದು ಬಿಟ್ಟು ಇನ್ನೇನೂ ಇಲ್ಲ." ಮಾರ್ಲಿಸ್ ಮನೆಯ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ಇದು ನಿನ್ನ ಹತ್ರಾನೇ ಇರ್ಲಿ. ವಾಪಸ್ಸು ಕೊಡೋದೇನೂ ಬೇಡ."

ಸುಳ್ಳಿ, ಅಂದುಕೊಂಡಳು ಐಲಿ. ಗುರುವಿಗೇ ತಿರುಮಂತ್ರ ಹಾಕುತ್ತಿದ್ದಾಳೆ.

ಮಂಗಳವಾರ ಮಧ್ಯಾಹ್ನ ಮೀನಿಗೆ ಊಟ ಹಾಕಿದ ಮೇಲೆ ಐಲಿ ತೊಟ್ಟಿಯ ಕೆಳಗಿನ ಕಪಾಟನ್ನು ಜಾಲಾಡಿದಳು. ಸಕ್ಕರೆ, ಯೀಸ್ಟ್, ಒಂದು ಚಮಚ. ಬೇರೆ ಪುಡಿಯಿಲ್ಲ, ಔಷಧಿಯಿಲ್ಲ. ಮೇಲೆ ದೀಪದ ಕೆಳಗೆ ಆ ಕೆಂಪು ಎಲೆಗಳು ಮೈತುಂಬ ಮುತ್ತಿನಂಥ ಗುಳ್ಳೆ ಹೊತ್ತು ಅವಳನ್ನು ಅಣಕಿಸಿದವು. ಏನಾದರೂ ಸಿಕ್ಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಸಿಗಲಿಲ್ಲವೆಂದೇ ಸಿಟ್ಟು ನೆತ್ತಿಗೇರಿತು. ಬಾಟಲಿಯ ಮುಚ್ಚಳವನ್ನು ಹಿಡಿದು ಅರ್ಧ ಸುತ್ತು ಸಡಿಲಿಸಿದಳು. ಅನುಮಾನ ಉಳಿಯಬಾರದೆಂದು ಪಾತ್ರೆ ತೊಳೆಯುವ ಸೋಪನ್ನು ಬೆರಳಲ್ಲಿ ಬಳಿದಳು. ಬಿಳಿ ನೊರೆ ಉಕ್ಕಿತು. ತೊಟ್ಟಿಯೊಳಗಿನ ಗುಳ್ಳೆಗಳು ನಿಂತವು. ಶನಿವಾರದ ಹೊತ್ತಿಗೆ ಎಲೆಗಳ ಆ ಕೆಂಪು ಇಳಿದಿರುತ್ತದೆ ಎಂದು ಲೆಕ್ಕ ಹಾಕಿ, ಬಾಗಿಲು ಹಾಕಿಕೊಂಡು ಮನೆಗೆ ಬಂದಳು.

ಬೆರಳಲ್ಲಿ ಸೋಪು ಇನ್ನೂ ಜಾರುತ್ತಿತ್ತು. ಎದುರಿಗೆ ಅವಳದೇ ಬಾಟಲಿ. ಯಾಕೋ ಏನೋ, ಆ ಬೆರಳನ್ನು ತನ್ನ ಮುಚ್ಚಳದ ಸುತ್ತಲೂ ಎಳೆದಳು.

ಕೊಳವೆ ತೂರಿಸಿದ ತೂತಿನಲ್ಲಿ ಹಾಲು ಉಕ್ಕಿದ ಹಾಗೆ ನೊರೆ ಎದ್ದಿತು.

ಎಷ್ಟು ತಿಂಗಳಿಂದ ಸೋರುತ್ತಿತ್ತೋ. ಅವಳು ನೋಡಿರಲೇ ಇಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿದ್ದಿತ್ತು. ನಾಚಿಕೆ ಬರಬೇಕಿತ್ತು, ಮೊದಲು ಬಂದದ್ದು ಇನ್ನಷ್ಟು ಹೊಟ್ಟೆಕಿಚ್ಚು. ನನ್ನ ಮಾತನ್ನು ನಾನೇ ಕೇಳಲಿಲ್ಲ, ಅವಳು ಕೇಳಿದಳಲ್ಲ! ಮಾರ್ಲಿಸ್ ಸುಳ್ಳು ಹೇಳಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಆಗ ನಾಚಿಕೆಯೂ ಬಂತು, ಕೋಟನ್ನೂ ಹಾಕಿಕೊಳ್ಳದೆ ಮನೆಯ ಚಪ್ಪಲಿಯಲ್ಲೇ ಹಿಮದ ರಸ್ತೆ ದಾಟಿ ಓಡುವಷ್ಟು ಬಂತು. ಹಿಟ್ಟು ನಾದಿದ ಕೈಯ ಬಲವನ್ನೆಲ್ಲ ಹಾಕಿ ಮಾರ್ಲಿಸಳ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಬಿಗಿದಳು. ಗುಳ್ಳೆಗಳು ಮತ್ತೆ ಏಳುವವರೆಗೂ ಅಲ್ಲೇ ನಡುಗುತ್ತ ಕೂತಿದ್ದಳು.

ಶನಿವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಬಟ್ಟಲು ಮಾರ್ಲಿಸಳ ಕೈ ಸೇರಿತು. ಐಲಿ ಚಪ್ಪಾಳೆ ತಟ್ಟಿದಳು, ಒಳಗೆ ಉರಿಯುತ್ತಲೇ ತಟ್ಟಿದಳು. ಗೆದ್ದವರು ತಮ್ಮ ಗಿಡದ ಕಡ್ಡಿಗಳನ್ನು ಇಷ್ಟವಾದವರಿಗೆ ಕೊಡುವುದು ಕ್ಲಬ್ಬಿನ ಪದ್ಧತಿ. ಮಾರ್ಲಿಸ್ ಕೆಂಪು ಕಡ್ಡಿಗಳ ಚೀಲ ಹಿಡಿದು ನೇರ ಐಲಿಯ ಮೇಜಿಗೆ ಬಂದಳು. ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.

ಗದ್ದಲ ಇಳಿದ ಮೇಲೆ ಮಾರ್ಲಿಸ್ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು. "ನಿನ್ನೆ ಸಕ್ಕರೆ ಬದಲಾಯ್ಸಕ್ಕೆ ಹೋದೆ. ಮುಚ್ಚಳ ತೆಗಿಯಕ್ಕೆ ಇಕ್ಕಳ ಬೇಕಾಯ್ತು ಕಣೆ."

"ಸೋರದೆ ಇರ್ಲಿ ಅಂತ ಬಿಗಿ ಮಾಡ್ದೆ."

"ಸೋರ್ತಾ ಇರ್ಲಿಲ್ಲ. ಹೊರಡೋ ಮುಂಚೆ ಸೋಪು ಹಚ್ಚಿ ನೋಡಿದ್ದೆ, ನೀನು ಹೇಳಿಕೊಟ್ಟ ಹಾಗೇ." ಮಾರ್ಲಿಸ್ ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದಳು. "ಸುಮ್ಮನೆ ನೋಡೋಕೆ ಬಂದೋರು ಅಷ್ಟು ಬಿಗಿ ಮಾಡಲ್ಲ ಐಲಿ. ಬಿಚ್ಚಿದೋರು ಮಾಡ್ತಾರೆ."

ಐಲಿ ಕೆಂಪು ಕಡ್ಡಿಗಳ ಚೀಲವನ್ನು ಪಕ್ಕಕ್ಕೆ ಸರಿಸಿದಳು. "ಅರ್ಧ ಸುತ್ತು," ಅಂದಳು. "ಅರ್ಧ ಗಂಟೆ. ಅಷ್ಟೇ ಕಣೆ."

ಮಾರ್ಲಿಸ್ ಎದ್ದು ಹೋದಳು. ಬರುವಾಗ ಎರಡು ಲೋಟ ಕಾಫಿ ತಂದಳು. ಒಂದನ್ನು ಐಲಿಯ ಮುಂದಿಟ್ಟು, ಎಂದಿನಂತೆ ಪಕ್ಕದಲ್ಲೇ ಕೂತು, ತನ್ನ ಮನೆಯ ಕೀಲಿಕೈಗಾಗಿ ಕೈ ಚಾಚಿದಳು.