ಸಾಹೇಬರು ಬರುವವರೆಗೆ

ಮತ್ತೆ ಕರೆಂಟು ಹೋದಾಗ ರೇಣುಕಾದೇವಿ ಗಂಡನ ಮುಖದ ಮೇಲಿನ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು. ಬಾಡಿಗೆಗೆ ತಂದಿದ್ದ ಐಸ್ ಪೆಟ್ಟಿಗೆ ಗೊರಗೊರ ಸದ್ದು ಮಾಡಿ ಸುಮ್ಮನಾಯಿತು. ಗಾಜಿನ ಒಳಮೈಗೆ ಬೆವರು ಕಟ್ಟಿ ಗಾದಿಲಿಂಗಪ್ಪನ ಮುಖ ಮಸುಕಾಗತೊಡಗಿತು. ಹೊರಗಿನಿಂದ ಎಷ್ಟು ಒರೆಸಿದರೂ ಒಳಗಿನ ತೇವ ಹೋಗುವುದು ಹೇಗೆ? ಆದರೂ ಒರೆಸುತ್ತಲೇ ಇದ್ದಳು.

ಪೆಂಡಾಲಿನಲ್ಲಿ ಮೈಕು ಮಾತ್ರ ನಿಂತಿರಲಿಲ್ಲ. ದೇಶಭಕ್ತಿಯ ಹಾಡು ಬೇವೂರಿನ ಆ ಓಣಿಯ ಕಿವಿ ಹರಿಯುವಂತೆ ಅರಚುತ್ತಿತ್ತು.

"ಏ ನಾಗೇಶ, ಜನರೇಟರ್ ಐತಲ್ಲೋ," ಎಂದ ನಜೀರಸಾಬ. ಗಾದಿಲಿಂಗಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವನು, ಈಗ ಊರಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. "ಅದರ ವಾಯರ್ ತಗದು ಈ ಪೆಟಗಿಗೆ ಕೊಡೋ."

"ಎರಡೂ ತಡಿಯಂಗಿಲ್ಲ ಚಾಚಾ. ಪೆಟಗಿಗೆ ಕೊಟ್ರ ಮೈಕ್ ಬಂದ್ ಆಗ್ತೈತಿ. ಸಾಹೇಬ್ರು ಬಂದು ಎರಡು ಮಾತಾಡೋದು ಬ್ಯಾಡೇನು?"

ನಾಗೇಶ ಸತ್ತವನ ಅಣ್ಣನ ಮಗ. ಅವನಿಗೆ ಬರುವ ಚುನಾವಣೆಯಲ್ಲಿ ಟಿಕೆಟ್ ಬೇಕು. ಸಾಹೇಬರೆಂದರೆ ಆ ಟಿಕೆಟ್ ಕೊಡಿಸುವ ನಾಯಕರು. ನಿನ್ನೆ ಸಂಜೆ ಕಾಕಾ ಎದೆ ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟಾಗ ನಾಗೇಶನ ಕಣ್ಣಿಗೆ ನೀರು ಬರುವ ಮೊದಲು ಕೈಗೆ ಫೋನು ಬಂದಿತ್ತು. ಬೆಳಿಗ್ಗೆ ಹತ್ತಕ್ಕೆ ಮಣ್ಣು ಎಂದು ಹಿರಿಯರು ಹೇಳಿದ್ದರು. ಹೊಲದಲ್ಲಿ ಕುಣಿ ತೋಡಿಯೂ ಆಗಿತ್ತು. ಸಾಹೇಬರು ಕುಷ್ಟಗಿಯಲ್ಲಿ ಯಾವುದೋ ಉದ್ಘಾಟನೆ ಮುಗಿಸಿ ಬರುತ್ತಾರೆಂದು ನಾಗೇಶ ಹನ್ನೆರಡು ಮಾಡಿದ, ಆಮೇಲೆ ಎರಡು ಮಾಡಿದ. ಈಗ ಮೂರಾಗಿತ್ತು. ಚೈತ್ರದ ಬಿಸಿಲಿಗೆ ಮನೆಯ ತಗಡು ಕಾಯುತ್ತಿತ್ತು.

ಪೆಂಡಾಲಿನ ಮುಂದೆ ಫ್ಲೆಕ್ಸ್ ಕಟ್ಟಿದ್ದರು. ಹಿಮದ ಬೆಟ್ಟ, ಒಂದು ಟ್ಯಾಂಕು, ಬಂದೂಕು ಹಿಡಿದ ಯಾವನೋ ಸೈನಿಕ. ಅವನ ಕತ್ತಿನ ಮೇಲೆ ಗಾದಿಲಿಂಗಪ್ಪನ ತಲೆ. ಕೆಳಗೆ, ಸತ್ತವನಿಗಿಂತ ದೊಡ್ಡದಾಗಿ, ಕೈ ಮುಗಿದ ನಾಗೇಶ.

"ಥೂ," ಎಂದು ನಜೀರಸಾಬ ಫ್ಲೆಕ್ಸಿನ ಬುಡದಲ್ಲೇ ಉಗಿದ. "ಇವನ ಕೈಯಾಗ ಸೌಟು ಬಿಟ್ಟು ಬ್ಯಾರೆ ಏನೂ ನಾ ನೋಡೇ ಇಲ್ಲ."

*

ನಿಜವಾಗಿ ಅಷ್ಟೇ. ಗಾದಿಲಿಂಗಪ್ಪ ಹದಿನೈದು ವರ್ಷ ನೌಕಾದಳದಲ್ಲಿ ಅಡುಗೆಯವನಾಗಿದ್ದ. ಅದರಲ್ಲಿ ಹೆಚ್ಚಿನ ಕಾಲ ಕರಾವಳಿ ಕಾಯುವ ಒಂದು ಸಣ್ಣ ಗಸ್ತು ಹಡಗಿನಲ್ಲಿ. ಹಿಮ ನೋಡಲಿಲ್ಲ, ಟ್ಯಾಂಕು ನೋಡಲಿಲ್ಲ. ಆ ಅವಧಿಯಲ್ಲಿ ಅವನು ಕೊಂದದ್ದು ಕೋಳಿ ಮತ್ತು ಜಿರಳೆ.

"ದೊಡ್ಡ ಹಡಗು ಎಮ್ಮಿ ಇದ್ದಂಗ, ನೀರಾಗ ಸುಮ್ನ ಬಿದ್ದಿರ್ತೈತಿ. ನಮ್ಮದು ಆಡಿನ ಮರಿ. ನಿಂತಲ್ಲಿ ನಿಲ್ಲಂಗಿಲ್ಲ," ಎಂದು ರಜೆಗೆ ಬಂದಾಗ ಹೆಂಡತಿಗೆ ಹೇಳುತ್ತಿದ್ದ.

ಅವನ ಅಡುಗೆಕೋಣೆ ಊರಿನ ಬಚ್ಚಲಿನಷ್ಟಿತ್ತು. ಪಾತ್ರೆ ಜಾರದಿರಲೆಂದು ಒಲೆಯ ಸುತ್ತ ಕಂಬಿ. ಹಡಗು ಹೊರಳಿದಾಗ ಸಾರು ಗೋಡೆಗೆ, ಅಡುಗೆಯವನು ಸಾರಿಗೆ. ಮೊದಲ ಮಳೆಗಾಲದಲ್ಲಿ ಎರಡು ಕಾಲುಗಳ ನಡುವೆ ಬಕೆಟ್ ಇಟ್ಟುಕೊಂಡು, ಅದರಲ್ಲಿ ವಾಂತಿ ಮಾಡುತ್ತ, ನಲವತ್ತು ಚಿಲ್ಲರೆ ಜನಕ್ಕೆ ಚಪಾತಿ ಬೇಯಿಸಿದ. ಉಣ್ಣುವವರಿಗೂ ಅದು ಗೊತ್ತಿತ್ತು. ಉಂಡರು, ಅವರೂ ಕಾರಿಕೊಂಡರು. ಡೀಸೆಲ್ ನಾತ, ಬೆವರಿನ ನಾತ, ಒಣಗದ ಬಟ್ಟೆಯ ನಾತ. ಒಂದರ ಮೇಲೊಂದು ಮೂರು ಮಂಚ, ಮಗ್ಗುಲು ಬದಲಿಸಿದರೆ ಮೇಲಿನವನ ಬೆನ್ನು ತಾಗುತ್ತಿತ್ತು. ಸುತ್ತಲೂ ಕಣ್ಣು ಮುಟ್ಟುವಷ್ಟು ದೂರ ನೀರು, ಮೈ ತೊಳೆಯಲು ಸಿಹಿನೀರು ಒಂದೇ ಮಗ್ಗು. ಹಗಲೆಲ್ಲ ಮೀನುಗಾರರ ದೋಣಿ ನಿಲ್ಲಿಸುವುದು, ಕಾಗದ ನೋಡುವುದು, ಬಿಡುವುದು, ಮತ್ತೆ ಮುಂದಕ್ಕೆ ಹೋಗುವುದು. ಯುದ್ಧವೂ ಇಲ್ಲ, ಸುದ್ದಿಯೂ ಇಲ್ಲ.

ನಿವೃತ್ತನಾದ ಮೇಲೆ ಯಲಬುರ್ಗಾದ ಒಂದು ಹಾಸ್ಟೆಲಿನಲ್ಲಿ ಮತ್ತೆ ಅದೇ ಸೌಟು ಹಿಡಿದ. "ಇಲ್ಲಿ ನೆಲ ಅಲ್ಲಾಡಂಗಿಲ್ಲ ನೋಡು. ಇದಕ್ಕಿಂತ ಸುಖ ಏನ್ ಬೇಕು?" ಎನ್ನುತ್ತಿದ್ದ.

*

ನೊಣಗಳು ಬಂದವು. ಮೊದಲು ಹಾರಗಳ ಮೇಲೆ, ಆಮೇಲೆ ಪೆಟ್ಟಿಗೆಯ ಸಂದಿಗೆ. ನಾಗೇಶ ಜೇಬಿನಿಂದ ಸೆಂಟಿನ ಬಾಟಲಿ ತೆಗೆದು ಪೆಟ್ಟಿಗೆಯ ಸುತ್ತ ಹೊಡೆದ. ಮಲ್ಲಿಗೆ ಸೆಂಟು, ಊದಿನಕಡ್ಡಿ, ಅದರಡಿಯಲ್ಲಿ ಸಣ್ಣಗೆ ಇನ್ನೊಂದು ವಾಸನೆ. ಎಲ್ಲರಿಗೂ ಬಂತು. ಯಾರೂ ಬಾಯಿ ಬಿಡಲಿಲ್ಲ. ಚಹಾ ಕುಡಿಯುತ್ತ ಕೂತಿದ್ದವರು ಕುರ್ಚಿ ಮಾತ್ರ ಒಂದೊಂದೇ ಮೊಳ ಹಿಂದಕ್ಕೆ ಎಳೆದುಕೊಂಡರು. ನಾಳೆ ನಾಗೇಶ ಗೆದ್ದರೆ ಕೆಲಸ ಬೀಳುವುದು ಅವನ ಹತ್ತಿರವೇ ಅಲ್ಲವೇ!

"ನಾಗೇಶಪ್ಪ, ಸಾಕೋ ಯಪ್ಪಾ," ಎಂದಳು ರೇಣುಕಾದೇವಿ. "ಎತ್ತೂನು."

"ಕಾಕಿ, ದಾರ್‍ಯಾಗ ಅದಾರ. ಅರ್ಧ ತಾಸು. ನಮ್ಮ ಕಾಕಾಗ ಎಂಥಾ ಮರ್ಯಾದಿ ಸಿಗ್ತೈತಿ ನೋಡಂತಿ. ಟಿವಿಯಾಗ ಬರ್ತಾನ ಅಂವ."

"ಬದುಕಿದ್ದಾಗ ಒಮ್ಮೆ ಬಂದು ಕಾಕಾ ಉಂಡೇನು ಅಂದಿಯೇನೋ?"

ನಾಗೇಶ ಕೇಳಿಸದವನಂತೆ ಫೋನು ಕಿವಿಗಿಟ್ಟು ಹೊರಗೆ ಹೋದ.

*

ಮದುವೆಯಾದ ಮೂರನೇ ವರ್ಷದ ರಜೆಯಲ್ಲಿ ಗಾದಿಲಿಂಗಪ್ಪ ಒಂದು ವಿಷಯ ಹೇಳಿದ್ದ. ಊಟಕ್ಕೆ ಕೂತವನು ಕೈ ತೊಳೆಯುತ್ತ, ಮತ್ತೆ ತೊಳೆಯುತ್ತ, ಕೊನೆಗೆ ಉಣ್ಣದೆ ಎದ್ದಾಗ ಆಕೆಯೇ ಕೇಳಿದ್ದಳು.

ಸಮುದ್ರದಲ್ಲಿ ಒಂದು ಹೆಣ ಸಿಕ್ಕಿತ್ತು. ದೋಣಿ ಮಗುಚಿ ಸತ್ತ ಮೀನುಗಾರ. ಮೇಲೆತ್ತಿ ಹಡಗಿನ ಹಿಂಬದಿಯಲ್ಲಿ ತಾಡಪಾಲು ಹೊದಿಸಿ ಮಲಗಿಸಿದರು. ಅದೇ ಹೊತ್ತಿಗೆ ಎಂಜಿನ್ ಕೆಟ್ಟಿತು, ಗಾಳಿ ಎದ್ದಿತು. ಎರಡು ದಿನ ದಂಡೆ ಮುಟ್ಟಲಾಗಲಿಲ್ಲ. ಎಲ್ಲರೂ ಮುಂಬದಿಗೆ ಸರಿದರು. ಗಾದಿಲಿಂಗಪ್ಪ ಮಾತ್ರ ಒಲೆ ಆರಿಸಿ ಬಂದಾಗಲೆಲ್ಲ ಆ ತಾಡಪಾಲಿನ ಮೇಲೆ ಉಪ್ಪುನೀರು ಸುರಿಯುತ್ತಿದ್ದ. ಯಾರೂ ಹೇಳಿರಲಿಲ್ಲ. ಒಬ್ಬನೇ ಬಿದ್ದಿದ್ದಾನಲ್ಲ ಎಂದು.

"ಕಡೀಕ ದಂಡಿಗೆ ಮುಟ್ಟಿದ್ವಿ ರೇಣಿ. ಅವನ ತಾಯಿ ಅಲ್ಲೇ ಮರಳಾಗ ಕುಂತಿದ್ಲು. ಓಡಿ ಬಂದ್ಲು. ತಾಡಪಾಲು ತಗದ್ರು. ತಗದ ಕೂಡ್ಲೆ ಆಕಿ ಹಿಂದಕ್ಕ ಸರದು, ಸೆರಗು ತಗೊಂಡು ಮೂಗು ಮುಚ್ಚಿಕೊಂಡ್ಲು. ಹೆತ್ತ ತಾಯಿ! ಆಮ್ಯಾಲ ಮೂಗು ಮುಚ್ಚಿದ್ದಕ್ಕ ತನ್ನ ಕೈ ತಾನ ಕಡಕೊಂಡ್ಲು. ಹೆಣದ ನಾತ ನಂಗೇನೂ ಅನ್ಸಲಿಲ್ಲ. ಆಕಿ ಹಂಗ ಮಾಡಿದ್ದು ನೋಡಿ ಕರುಳು ಕಿತ್ತು ಬಂತು."

ಆಮೇಲೆ ಹೇಳಿದ್ದ: "ನಾ ಸತ್ರ ಜಲ್ದಿ ಮಣ್ಣಿಗಿಡು. ಯಾರನ್ನೂ ಕಾಯಬ್ಯಾಡ. ನಮ್ಮವರು ನನ್ನ ಮುಂದ ಮೂಗು ಮುಚ್ಚಬಾರದು. ಆಣಿ ಮಾಡು."

ರೇಣುಕಾದೇವಿ ಅವನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು.

*

ಟಿವಿಯವನೊಬ್ಬ ಬಂದ. ಗಾಜು ಮಸುಕಾಗಿದೆ, ಮುಖ ಕಾಣುವುದಿಲ್ಲ, ಮುಚ್ಚಳ ತೆಗೆಯಿರಿ ಎಂದ. ನಾಗೇಶ ತೆಗೆದೇಬಿಟ್ಟ.

ಗಂಗಾವತಿಗೆ ಕೊಟ್ಟ ಮಗಳು ರಂಜಿತಾ ಅಪ್ಪನ ತಲೆಯ ಹತ್ತಿರವೇ ಕೂತಿದ್ದಳು. ಅಪ್ಪನೆಂದರೆ ಜೀವ ಬಿಡುವವಳು. ಮುಚ್ಚಳ ಎದ್ದಾಗ ಅವಳ ಕೈ ತಾನಾಗಿಯೇ ಮೂಗಿನತ್ತ ಹೋಯಿತು. ಅರ್ಧದಲ್ಲಿ ಅವಳಿಗೇ ತಿಳಿದು, ಆ ಕೈಯನ್ನು ಕೂದಲಿಗೆ ಒಯ್ದು, ಕಿವಿಯ ಹಿಂದೆ ಸರಿಸಿದಂತೆ ಮಾಡಿದಳು. ಮತ್ತೆ ತಲೆ ಎತ್ತಿ ತಾಯಿಯ ಮುಖ ನೋಡಲಿಲ್ಲ.

ರೇಣುಕಾದೇವಿ ಎದ್ದು ನಿಂತಳು. ಅವಳಿಗೆ ಆ ಪೆಂಡಾಲು, ಆ ಹಾಡು, ಆ ಸೆಂಟು, ಕುರ್ಚಿ ಹಿಂದೆ ಸರಿಸಿಕೊಂಡ ಆ ಗಂಡಸರು, ಎಲ್ಲವೂ ಹೇಸಿಗೆಯಾಯಿತು.

"ನಜೀರಣ್ಣಾ, ಟ್ರ್ಯಾಕ್ಟರ್ ತರ್ರಿ."

"ಕಾಕಿ, ಹತ್ತ ನಿಮಿಷ! ನನ್ನ ಮಾನ ಕಳೀಬ್ಯಾಡ!"

"ನಿನ್ನ ಮಾನಕ್ಕ ನನ್ನ ಗಂಡನ್ನ ಕೊಳಸ್ತೀಯೇನೋ? ಆ ಮೈಕಿನ ಮುಂದ ನೀನ ಮಲಕೋ ಹೋಗು, ಸಾಹೇಬ್ರು ನಿನಗ ಹಾರ ಹಾಕ್ಲಿ!"

ಗಂಡಸರು ನಾಗೇಶನ ಮುಖ ನೋಡುತ್ತ ಕೂತರು. ನಜೀರಸಾಬ ಟ್ರ್ಯಾಕ್ಟರ್ ತಂದು ನಿಲ್ಲಿಸಿ ತಲೆಯ ಕಡೆ ಹಿಡಿದ, ರೇಣುಕಾದೇವಿ ಕಾಲಿನ ಕಡೆ ಹಿಡಿದಳು, ರಂಜಿತಾ ನಡುವೆ ಕೈ ಕೊಟ್ಟಳು. ಅವರಿಗೆ ಎತ್ತಲಾಗಲಿಲ್ಲ. ಆಗ ಹಲಗೆ ಬಾರಿಸುವ ಸಣ್ಣಪ್ಪ ಹಲಗೆ ಕೆಳಗಿಟ್ಟು ಬಂದು, "ಸರೀರಿ ಯವ್ವಾ, ನಾ ಹಿಡೀತೀನಿ," ಎಂದ. ಅವನನ್ನು ನೋಡಿ ಇನ್ನಿಬ್ಬರು ನಾಚಿಕೊಂಡು ಎದ್ದರು.

ಹೊಲದಲ್ಲಿ ಎಲ್ಲವೂ ಬೇಗ ಆಯಿತು. ಹಿಡಿಮಣ್ಣು ಹಾಕಿದರು, ಆಮೇಲೆ ಸಲಿಕೆಯಿಂದ ಎಳೆದರು. ದಿಬ್ಬ ತಟ್ಟಿ ಮುಗಿಸುವಾಗ ಧೂಳೆಬ್ಬಿಸಿಕೊಂಡು ಕಾರುಗಳು ಬಂದವು. ಬಿಳಿ ಬಟ್ಟೆಯ ಸಾಹೇಬರು ಇಳಿದರು. ಹಿಂದೆ ಗಾಲಿಯಷ್ಟು ದೊಡ್ಡ ಹೂವಿನ ಚಕ್ರ ಹೊತ್ತವನು, ಅವನ ಹಿಂದೆ ಕ್ಯಾಮೆರಾ.

ನಾಗೇಶ ಏದುಸಿರು ಬಿಡುತ್ತ ಮುಂದೆ ಬಂದ. ಸಣ್ಣಪ್ಪನ ಕೈಯಿಂದ ಸಲಿಕೆ ಕಿತ್ತುಕೊಂಡ.

"ಕಾಕಿ, ಕಾಲು ಬೀಳ್ತೀನಿ. ಮ್ಯಾಲಿನ ಮಣ್ಣು ಒಂಚೂರು ಸರಸ್ತೀನಿ. ಮುಖ ಅಷ್ಟ. ಎರಡು ಫೋಟೋ ತಗದು ಮತ್ತ ಮುಚ್ಚಿಬಿಡೂನು."

ಅಲ್ಲಿದ್ದವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ.

ರೇಣುಕಾದೇವಿ ಮುಂದೆ ಬಂದಳು. ದಿಬ್ಬವನ್ನು ಹತ್ತಿ, ಗಂಡನ ಎದೆ ಎಲ್ಲಿರಬಹುದೋ ಅಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಳು.

"ಅಮ್ಮಾರ, ಒಂಚೂರು ಈ ಕಡಿ ಸರೀರಿ," ಎಂದ ಕ್ಯಾಮೆರಾದವನು. "ಹೂವು ಇಡಾಕ ಜಾಗ ಬೇಕು."

ಆಕೆ ಅಲ್ಲಾಡಲಿಲ್ಲ. ಸಾಹೇಬರು ಗಡಿಯಾರ ನೋಡಿದರು, ನಾಗೇಶನನ್ನು ನೋಡಿದರು. ಹೂಚಕ್ರವನ್ನು ಅವನ ಕೈಗೆ ಕೊಡಿಸಿ ಕಾರು ಹತ್ತಿದರು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಹೂಚಕ್ರ ಹಿಡಿದ ನಾಗೇಶನನ್ನು ಧೂಳು ಮುಚ್ಚಿತು.

ರಂಜಿತಾ ತಾಯಿಯ ಪಕ್ಕಕ್ಕೆ ಹೋಗಿ ಬೋರಲು ಮಲಗಿದಳು. ಎರಡೂ ತೋಳು ಚಾಚಿ, ಹಸಿ ಮಣ್ಣಿನೊಳಕ್ಕೆ ಮೂಗು ಬಾಯಿ ಒತ್ತಿ, ಜೋರಾಗಿ ಉಸಿರೆಳೆದುಕೊಂಡಳು.